ಮಾಡಿನಡಿಯ ಆಟಗಳು

ನಮ್ಮ ಜಿಲ್ಲೆಯಲ್ಲಿ ಮಳೆಗಾಲವೆಂದರೆ ಜೂನಿನಿಂದ ಸೆಪ್ಟೆಂಬರಿನವರೆಗೆ ತುಂಬು ನಾಲ್ಕು ತಿಂಗಳು. ಬಂಟ್ವಾಳದಲ್ಲಿ ನೇತ್ರಾವತಿ ಕೆಂಪಾಗಿ ಏರತೊಡಗಿದರೆ ಹಿರಿಯರು ಇಂದಿಗೂ 1923ರ ಮತ್ತು 1974ರ ನೆರೆಗಳ ಮಾತೆತ್ತುವುದುಂಟು. ಅಂಥ ದಿನಗಳಲ್ಲಿ ಜಿಲ್ಲಾಧಿಕಾರಿಗಳು ಶಾಲೆಗಳಿಗೆ ರಜೆ ಸಾರುತ್ತಾರೆ. ರಜೆಯೇನೋ ಮಕ್ಕಳಿಗೆ ಸಿಹಿ. ಆದರೆ ಹೊರಗೆ ಆಡುವಂತಿಲ್ಲ, ಒಳಗೆ ಆಡಲು ಎಡೆಯಿಲ್ಲ.

ಹಿಂದೆ ಹೀಗಿರಲಿಲ್ಲ. ಜಗಲಿಯಿತ್ತು, ಚಾವಡಿಯಿತ್ತು, ಕೊಟ್ಟಿಗೆಯ ಅಟ್ಟದ ತುಂಬ ಬೈಹುಲ್ಲಿತ್ತು. ಅಡಿಕೆಯ ಹಾಳೆಯ ಮೇಲೆ ಒಬ್ಬ ಕುಳಿತರೆ ಇನ್ನೊಬ್ಬ ಅದರ ಸೋಗೆಯನ್ನು ಹಿಡಿದು ಜಗಲಿಯ ಉದ್ದಕ್ಕೂ ಎಳೆಯುತ್ತಿದ್ದ. ಇಂದಿನ ಪೇಟೆಯ ಮನೆಯಲ್ಲಿ ಎರಡು ಕೋಣೆ, ಒಂದು ಬಾಲ್ಕನಿ. ಮಗು ನಾಲ್ಕು ಸಲ ಹಾರಿದರೆ ಕೆಳಮನೆಯವರು ಬಂದು ಬಾಗಿಲು ಬಡಿಯುತ್ತಾರೆ. ಕೊನೆಗೆ ಮಗುವಿನ ಕೈಗೆ ಮೊಬೈಲು ಕೊಟ್ಟು ಸುಮ್ಮನಾಗಿಸುವುದು ಎಲ್ಲರೂ ಮಾಡುವ ಕೆಲಸ. ನಾನೂ ಮಾಡಿದ್ದೇನೆ.

ಕಳೆದ ಮಳೆಗಾಲದಲ್ಲಿ ಐದು ವರ್ಷದ ಮೊಮ್ಮಗಳೂ ಎರಡೂವರೆ ವರ್ಷದ ಮೊಮ್ಮಗನೂ ನಮ್ಮಲ್ಲಿದ್ದರು. ಮೂರು ದಿನ ಬಿಡದೆ ಮಳೆ. ನಾಲ್ಕನೆಯ ದಿನ ಇಬ್ಬರನ್ನೂ ಕರೆದುಕೊಂಡು ಬಿ.ಸಿ. ರೋಡಿನಲ್ಲಿ ಬಸ್ಸು ಹತ್ತಿ, ಮಂಗಳೂರಿನ ಒಂದು ಒಳಾಂಗಣ ಆಟದ ಕೇಂದ್ರಕ್ಕೆ ಹೋದೆ. ಇಂಥವುಗಳನ್ನು ನೋಡದವರಿಗಾಗಿ ಅದು ಹೇಗಿರುತ್ತದೆಂದು ಹೇಳಬೇಕು. ದೊಡ್ಡದೊಂದು ಕೋಣೆ, ನೆಲ, ಕಂಬ, ಮೆಟ್ಟಿಲು ಎಲ್ಲಕ್ಕೂ ಸ್ಪಂಜಿನ ದಪ್ಪ ಹಾಸು, ಅದರ ಮೇಲೆ ಒರಸಿ ತೊಳೆಯಬಹುದಾದ ಹೊದಿಕೆ. ಸುತ್ತ ಬಲೆ. ಜಾರುಬಂಡಿಯಲ್ಲಿ ಇಳಿದವರು ಬೀಳುವುದು ಸಾವಿರಾರು ಪ್ಲಾಸ್ಟಿಕ್ ಚೆಂಡುಗಳ ಕೊಳಕ್ಕೆ. ಗಂಟೆಯ ಲೆಕ್ಕದಲ್ಲಿ ಶುಲ್ಕ. ಚಪ್ಪಲಿ ಹೊರಗಿಟ್ಟು ಕಾಲುಚೀಲ ಹಾಕಿಕೊಂಡೇ ಒಳಗೆ ಹೋಗಬೇಕು. ಮನೆಯಿಂದ ತರದಿದ್ದರೆ ಅಲ್ಲಿಯೇ ಕೊಳ್ಳಬೇಕು. ಮಳೆಗಾಲದಲ್ಲಿ ಒಂದು ಒಣ ಜೊತೆ ಚೀಲದಲ್ಲಿರಲಿ.

ಈ ಚೆಂಡಿನ ಕೊಳದ ಹುಟ್ಟು ಸ್ವಾರಸ್ಯವಾಗಿದೆ. ಕೆನಡಾದ ಟೊರಾಂಟೊ ನಗರದ ಒಂಟಾರಿಯೊ ಪ್ಲೇಸ್ ಎಂಬಲ್ಲಿ ಎರಿಕ್ ಮೆಕ್‌ಮಿಲನ್ ಎಂಬ ವಿನ್ಯಾಸಕಾರರು 1972ರಲ್ಲಿ ಮಕ್ಕಳ ಆಟದ ಊರೊಂದನ್ನು ಕಟ್ಟಿದರು. ಚೆಂಡಿನ ಕೊಳವನ್ನು ಅವರು 1976ರಲ್ಲಿ ಅಮೆರಿಕದ ಸ್ಯಾನ್ ಡಿಯೇಗೊದಲ್ಲಿ ಮಾಡಿದರು. ಭರಣಿಯಲ್ಲಿ ತುಂಬಿಟ್ಟ ಈರುಳ್ಳಿಗಳನ್ನು ಕಂಡು ಆ ಯೋಚನೆ ಹೊಳೆಯಿತೆಂದು ಹೇಳುತ್ತಾರೆ. ನಮ್ಮ ಮನೆಗಳಲ್ಲಿ ಉಪ್ಪಿನಕಾಯಿಯ ಭರಣಿಗಳೆಷ್ಟಿಲ್ಲ! ಆದರೆ ಅದರೊಳಗೆ ಈಜುವ ಯೋಚನೆ ನಮಗಾರಿಗೂ ಬರಲಿಲ್ಲ. ಹಾಗೆಂದು, ಆಟವನ್ನು ಮಕ್ಕಳ ಹಕ್ಕೆಂದು ತಿಳಿದವರು ನಮ್ಮಲ್ಲಿರಲಿಲ್ಲವೆಂದಲ್ಲ. ಪಕ್ಕದ ಪುತ್ತೂರಿನಲ್ಲಿ ಶಿವರಾಮ ಕಾರಂತರು 1930ರ ದಶಕದಲ್ಲಿಯೇ ಬಾಲವನವನ್ನು ಕಟ್ಟಿ, ಆಟಪಾಟಗಳ ಮೂಲಕ ಕಲಿಸುವ ಪ್ರಯೋಗಕ್ಕೆ ಕೈಹಾಕಿದ್ದರು.

ಸ್ಪಂಜಿನ ಮೇಲೆ ಬಿದ್ದರೆ ನೋವೇಕಾಗುವುದಿಲ್ಲ? ನಾನು ಕನ್ನಡ ಪಂಡಿತ. ನಮ್ಮ ಶಾಲೆಯ ವಿಜ್ಞಾನದ ಮೇಷ್ಟ್ರನ್ನು ಕೇಳಿ ತಿಳಿದುಕೊಂಡೆ. ಬೀಳುವ ಮೈ ಥಟ್ಟನೆ ನಿಂತರೆ ಪೆಟ್ಟು ಹೆಚ್ಚು; ತುಸು ತಗ್ಗಿ, ತುಸು ತಡೆದು ನಿಂತರೆ ಪೆಟ್ಟು ಕಡಿಮೆ. ಅಂಗಳಕ್ಕೆ ಬಿದ್ದವನಿಗೂ ಬೈಹುಲ್ಲಿಗೆ ಬಿದ್ದವನಿಗೂ ಇರುವ ವ್ಯತ್ಯಾಸವೇ ಇದು. ಆದರೆ ಸ್ಪಂಜು ಕಾಪಾಡುವುದು ನೆಲದಿಂದ ಮಾತ್ರ, ಇನ್ನೊಂದು ಮಗುವಿನ ಮೊಣಕೈಯಿಂದಲ್ಲ. ಇದನ್ನು ನಾನು ಕಲಿತದ್ದು ಮೇಷ್ಟ್ರಿಂದಲ್ಲ.

ಅಲ್ಲಿ ಪುಟ್ಟ ಮಕ್ಕಳಿಗೊಂದು, ದೊಡ್ಡವರಿಗೊಂದು ಎಂದು ಬೇರೆ ಬೇರೆ ಆವರಣಗಳಿದ್ದವು. ಮೊಮ್ಮಗನನ್ನು ಪುಟ್ಟವರ ಆವರಣದಲ್ಲಿ ಬಿಟ್ಟು ನಾನು ಬೆಂಚಿನ ಮೇಲೆ ಪತ್ರಿಕೆ ಬಿಡಿಸಿಕೊಂಡು ಕುಳಿತೆ. ಅಕ್ಕ ಎಲ್ಲಿಯೋ ತಮ್ಮನೂ ಅಲ್ಲಿಯೇ. ಒಂದು ಪುಟ ಮಗುಚುವಷ್ಟರಲ್ಲಿ ಅವನು ಅತ್ತ ನುಸುಳಿದ್ದ. ಜಾರುಬಂಡಿಯ ಬುಡದಲ್ಲಿ ನಿಂತಿದ್ದವನ ಮೇಲೆ ಎಂಟು ವರ್ಷದ ಹುಡುಗನೊಬ್ಬ ಜಾರಿಬಂದ. ಇಬ್ಬರೂ ಚೆಂಡುಗಳೊಳಗೆ ಮುಳುಗಿದರು. ದೊಡ್ಡವನು ಎದ್ದ. ಸಣ್ಣವನು ಏಳಲಿಲ್ಲ. ನಾನು ಕನ್ನಡಕ ಬೀಳಿಸಿಕೊಂಡು, ಪಂಚೆಯಲ್ಲಿಯೇ ಒಳಗೆ ಹಾರಿ ಕೈಯಾಡಿಸಿ ಹುಡುಕಿದ್ದು ಎಷ್ಟು ಹೊತ್ತೋ, ನನಗಂತೂ ಯುಗವಾಯಿತು. ಎತ್ತಿದಾಗ ತುಟಿ ಒಡೆದು ರಕ್ತ ಬರುತ್ತಿತ್ತು; ಬೇರೇನೂ ಆಗಿರಲಿಲ್ಲ. ಅಲ್ಲಿದ್ದ ಹುಡುಗಿ ಓಡಿ ಮಂಜುಗಡ್ಡೆ ತಂದಳು. ರಾತ್ರಿ ಮಗಳು ಫೋನಿನಲ್ಲಿ ಕೇಳಿದ್ದು ಒಂದೇ ಪ್ರಶ್ನೆ: “ಅಪ್ಪಾ, ಆಗ ನೀವು ಪೇಪರು ಓದುತ್ತಿದ್ದಿರಾ?”

ಆದುದರಿಂದ, ಹೋಗುವ ಅಜ್ಜಂದಿರೇ, ಪತ್ರಿಕೆಯನ್ನು ಮನೆಯಲ್ಲಿ ಬಿಡಿ. ಜಾರುಬಂಡಿಯ ಬುಡದಲ್ಲಿ ಮಗು ನಿಲ್ಲದಂತೆಯೂ ಚೆಂಡುಗಳ ಕೆಳಗೆ ಅಡಗಿಕೊಳ್ಳದಂತೆಯೂ ನೋಡಿ. ಮೇಲಿನಿಂದ ಬರುವವರಿಗೆ ಅದು ಕಾಣುವುದಿಲ್ಲ. ಕೊರಳ ಸರ, ಕೂದಲ ಕ್ಲಿಪ್ಪು, ಗೆಜ್ಜೆ, ಉಡುಪಿನ ಇಳಿಬಿದ್ದ ದಾರ ಇವನ್ನೆಲ್ಲ ಮೊದಲೇ ತೆಗೆಯಬೇಕು. ಬಲೆಗೆ ಸಿಕ್ಕಿಕೊಂಡ ಸರವು ಕೊರಳನ್ನು ಬಿಗಿಯುತ್ತದೆ. ಶೀತಜ್ವರವಿರುವ ಮಗುವನ್ನು ಕರೆದೊಯ್ಯುವುದು ತರವಲ್ಲ. ಒಬ್ಬರು ಬಾಯಿಗಿಟ್ಟ ಚೆಂಡು ಇನ್ನೊಬ್ಬರ ಬಾಯಿಗೆ ಹೋಗುತ್ತದೆ. ಆಡಿ ಬಂದ ಮೇಲೆ ಸಾಬೂನಿನಿಂದ ಕೈತೊಳೆಸದೆ ತಿಂಡಿ ಕೊಡಬೇಡಿ.

ಮರುದಿನವೂ ಮಳೆ. ಮತ್ತೆ ಮಂಗಳೂರಿಗೆ ಹೋಗುವ ಧೈರ್ಯ ನನಗಿರಲಿಲ್ಲ. ಅಟ್ಟದಿಂದ ಚೆನ್ನೆಮಣೆಯನ್ನು ಇಳಿಸಿದೆ. ಘಟ್ಟದ ಮೇಲೆ ಅಳಗುಳಿಮಣೆಯೆನ್ನುವುದು ಇದನ್ನೇ. ತುಳುನಾಡಿನಲ್ಲಿ ಇದು ಆಟಿ ತಿಂಗಳ ಆಟ. ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ, ಹೊರಗೆ ಕೆಲಸ ನಿಂತಾಗ, ಮಣೆ ಕೆಳಗಿಳಿಯುತ್ತದೆ. ಏಳೇಳರಂತೆ ಎರಡು ಸಾಲು, ಹದಿನಾಲ್ಕು ಗುಳಿ. ಗುಳಿಗೆ ನಾಲ್ಕರಂತೆ 56 ಕಾಯಿ. ತನ್ನ ಸಾಲಿನ ಒಂದು ಗುಳಿಯ ಕಾಯಿಗಳನ್ನೆಲ್ಲ ಎತ್ತಿ ಮುಂದಿನ ಗುಳಿಗಳಿಗೆ ಒಂದೊಂದಾಗಿ ಹಾಕುತ್ತ ಹೋಗಬೇಕು. ಕೈ ಬರಿದಾದಾಗ ಮುಂದಿನ ಗುಳಿಯದನ್ನು ಎತ್ತಿ ಆಟ ಮುಂದುವರಿಸಬೇಕು. ಆ ಗುಳಿ ಬರಿದಾಗಿದ್ದರೆ ಅದರಾಚೆಯ ಗುಳಿಯಲ್ಲಿರುವುದು ಆಡಿದವರ ಗಳಿಕೆ, ಸರದಿ ಎದುರಾಳಿಗೆ. ಮನೆಯಿಂದ ಮನೆಗೆ ನಿಯಮಗಳಲ್ಲಿ ಭೇದವುಂಟು. ಶಾಲೆಯಲ್ಲಿ ಎಣಿಕೆಗೆ ಅಳುತ್ತಿದ್ದ ಮೊಮ್ಮಗಳು ಎರಡನೆಯ ದಿನಕ್ಕೆ ಯಾವ ಗುಳಿ ಎತ್ತಿದರೆ ಎಲ್ಲಿ ಮುಗಿಯುತ್ತದೆಂದು ಕಣ್ಣಲ್ಲೇ ಲೆಕ್ಕಹಾಕತೊಡಗಿದಳು.

ಕಾಯಿಯೆಂದರೆ ಮಂಜೊಟ್ಟಿ ಬೀಜ. ಇಲ್ಲವಾದರೆ ಹುಣಸೆ ಬೀಜ. ಕೆಂಪಗಿದೆಯೆಂದು ಗುಲಗಂಜಿಯನ್ನು ಬಳಸಬೇಡಿ. ಅದನ್ನು ಅಗಿದು ನುಂಗಿದರೆ ಘೋರ ವಿಷ. ಯಾವ ಬೀಜವೇ ಆಗಲಿ, ಮೂರು ವರ್ಷದೊಳಗಿನ ಮಗುವಿನ ಕೈಗೆ ಸಿಗಬಾರದು, ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ.

ಅಕ್ಕತಮ್ಮಂದಿರು ಎದುರುಬದುರಾಗಿ ಆಡಕೂಡದೆಂದು ನನ್ನ ಹೆಂಡತಿಯ ಕಟ್ಟಪ್ಪಣೆ. ಒಡಹುಟ್ಟಿದವರು ಚೆನ್ನೆಯಾಡಬಾರದೆಂಬ ನಂಬಿಕೆ ನಮ್ಮಲ್ಲಿದೆ. ಸಿರಿಯ ಪಾಡ್ದನದಲ್ಲಿ ಅಬ್ಬಗೆ ದಾರಗೆಯೆಂಬ ಅವಳಿ ಸೋದರಿಯರು ಚೆನ್ನೆಯಾಡುವಾಗ ಜಗಳವಾಗಿ, ಒಬ್ಬಳು ಮಣೆಯಿಂದಲೇ ಇನ್ನೊಬ್ಬಳ ತಲೆಗೆ ಹೊಡೆದು ಕೊಂದು, ತಾನೂ ಬಾವಿಗೆ ಹಾರುತ್ತಾಳೆ. ಈ ಸಿರಿ ಕಾವ್ಯವನ್ನು ಬೆಳ್ತಂಗಡಿ ತಾಲೂಕಿನ ಮಾಚಾರು ಗೋಪಾಲ ನಾಯ್ಕರು ಹಾಡಿದಂತೆ 1990ರಲ್ಲಿ ಧ್ವನಿಮುದ್ರಿಸಿಕೊಂಡವರು ಫಿನ್ಲೆಂಡಿನ ಲೌರಿ ಹಾಂಕೊ ಮತ್ತು ಅವರೊಂದಿಗೆ ನಮ್ಮ ವಿವೇಕ ರೈ, ಚಿನ್ನಪ್ಪ ಗೌಡರು. 15,683 ಸಾಲುಗಳ ಆ ಪಠ್ಯ 1998ರಲ್ಲಿ ಅಚ್ಚಾಯಿತು. ಮೊಮ್ಮಗಳು ಕಾರಣ ಕೇಳಿದಾಗ ನಾನು ಕಥೆಯನ್ನು ಜಗಳದವರೆಗೆ ಮಾತ್ರ ಹೇಳಿ ನಿಲ್ಲಿಸಿದೆ.

ಆ ಸಂಜೆ ಮಣೆ ಕಟ್ಟಿಡುವಾಗ ಅವಳೇ ಎಣಿಸಿದಳು: “ಅಜ್ಜಾ, ಐವತ್ತೈದೇ ಉಂಟು.” ನನ್ನ ಎದೆ ಧಸಕ್ಕೆಂದಿತು. ಮೊಮ್ಮಗನ ಬಾಯಿ ತೆರೆಸಿ ನೋಡಿದೆವು, ಚಾಪೆ ಕೊಡವಿದೆವು, ಕಪಾಟಿನಡಿ ಕೋಲು ಹಾಕಿ ಎಳೆದೆವು. ಅವನು ಒಡೆದ ತುಟಿಯಲ್ಲಿ ನಗುತ್ತ ನಿಂತಿದ್ದ. ಕೊನೆಗೆ ಅವನಜ್ಜಿ ಅಂಗಿಯ ಕಿಸೆಗೆ ಕೈಹಾಕಿ ಬೀಜವನ್ನು ಹೊರತೆಗೆದಳು. ಆಟಿ ಮುಗಿಯಲು ಇನ್ನೂ ಹತ್ತು ದಿನವಿದ್ದರೂ, ಅಂದು ಮಣೆಯನ್ನು ಅಟ್ಟಕ್ಕೇರಿಸಿದೆ. ಅವನಿಗೆ ಮೂರು ತುಂಬಿದ ಮೇಲೆ ಇಳಿಸುವುದೆಂದು ಮನೆಯಲ್ಲಿ ತೀರ್ಮಾನವಾಗಿದೆ.