ಚಿಮಣಿ ದೀಪ ಕೈಕೊಟ್ಟಿತಾ? ಗಾಬರಿ ಬೇಡ

ಅಜ್ಜಿ ಕಾಲದಲ್ಲಿ ಚಿಮಣಿ ದೀಪ ಅಂದರೆ ಸೀಮೆಎಣ್ಣೆ ಬುಡ್ಡಿ. ಗಾಜು ಒರೆಸಿ, ಬತ್ತಿ ಸರಿಮಾಡಿದರೆ ಮತ್ತೆ ಬೆಳಗುತ್ತಿತ್ತು. ಈಗ ಚಿಮಣಿ ದೀಪ ಅಂದರೆ ಗ್ಯಾಸ್ ಒಲೆಯ ಮೇಲೆ ಹೊಗೆ ಎಳೆಯುವ ಯಂತ್ರದ ಹೊಟ್ಟೆಯಲ್ಲಿರುವ ಪುಟ್ಟ ಲೈಟು. ಒಗ್ಗರಣೆಗೆ ಎಣ್ಣೆ ಇಟ್ಟ ಹೊತ್ತಿಗೇ ಅದು ಪಟ್ ಅಂತ ಆರಿಹೋದರೆ ನಾವೇನು ಮಾಡ್ತೀವಿ? ‘ಟ್ಯೂಬ್‌ಲೈಟ್ ಇದೆಯಲ್ಲ, ಇರಲಿ ಬಿಡು’ ಅಂತ ತಿಂಗಳುಗಟ್ಟಲೆ ಹಾಗೇ ಅಡುಗೆ ಮಾಡ್ತೀವಿ!

ಆದರೆ ಟ್ಯೂಬ್‌ಲೈಟ್ ಹೆಚ್ಚಿನ ಮನೆಗಳಲ್ಲಿ ಇರೋದು ನಮ್ಮ ಬೆನ್ನ ಹಿಂದೆ. ನಮ್ಮದೇ ನೆರಳು ಬಾಣಲೆಯ ಮೇಲೆ ಬೀಳುತ್ತದೆ. ಎಣ್ಣೆ ಹೊಗೆಯಾಡುತ್ತಿದೆಯೋ, ಈರುಳ್ಳಿ ಕೆಂಪಾಯಿತೋ ಸೀದಿತೋ, ಬರ್ನರ್ ಸರಿಯಾಗಿ ಹತ್ತಿಕೊಂಡಿದೆಯೋ ಗೊತ್ತಾಗುವುದಿಲ್ಲ. ಕಣ್ಣು ಮಂಜಾದ ಅತ್ತೆಯೋ ಅಮ್ಮನೋ ಒಲೆ ಮುಂದೆ ನಿಲ್ಲುವ ಮನೆಯಲ್ಲಂತೂ ಇದನ್ನು ಅಲಕ್ಷ್ಯ ಮಾಡುವಂತಿಲ್ಲ.

ಹಾಗಂತ ಕೂಡಲೇ ಮೆಕ್ಯಾನಿಕ್‌ಗೆ ಫೋನ್ ಮಾಡಬೇಕಿಲ್ಲ. ಮನೆಗೆ ಬಂದು ನೋಡಿದ್ದಕ್ಕೇ ಶುಲ್ಕ ಕೊಡಬೇಕಾಗುತ್ತದೆ. ಎಷ್ಟೋ ಸಲ ಕೆಟ್ಟಿರೋದು ಒಂದು ಬಲ್ಬ್ ಅಷ್ಟೇ. ನಾವೇ ಏನು ನೋಡಬಹುದು, ಎಲ್ಲಿ ಕೈ ಹಿಂದಕ್ಕೆ ತೆಗೆದುಕೊಳ್ಳಬೇಕು ಅನ್ನೋದು ತಿಳಿದಿದ್ದರೆ ಸಾಕು.

ಮೊದಲು ಕಣ್ಣಲ್ಲೇ ನೋಡಿ

ಏನನ್ನೂ ಬಿಚ್ಚುವ ಮೊದಲು ಚಿಮಣಿಯ ಲಕ್ಷಣ ಗಮನಿಸಿ.

* ಫ್ಯಾನೂ ಇಲ್ಲ, ದೀಪವೂ ಇಲ್ಲ: ತೊಂದರೆ ದೀಪದ್ದಲ್ಲ, ಕರೆಂಟಿನದು. ಪ್ಲಗ್ ಸಡಿಲಾಗಿದೆಯಾ, ಎಂಸಿಬಿ ಕೆಳಗೆ ಬಿದ್ದಿದೆಯಾ ನೋಡಿ.

* ಫ್ಯಾನ್ ಇದೆ, ಎರಡು ದೀಪಗಳಲ್ಲಿ ಒಂದು ಮಾತ್ರ ಇಲ್ಲ: ಹೆಚ್ಚಾಗಿ ಆ ಬಲ್ಬ್ ಸುಟ್ಟಿದೆ ಅಥವಾ ಅದರ ಹೋಲ್ಡರ್ ಸಡಿಲಾಗಿದೆ.

* ಫ್ಯಾನ್ ಇದೆ, ಎರಡೂ ದೀಪ ಒಟ್ಟಿಗೇ ಹೋಗಿವೆ: ಸ್ವಿಚ್, ಒಳಗಿನ ವೈರ್ ಅಥವಾ ಎಲ್‌ಇಡಿಗೆ ಕರೆಂಟ್ ಇಳಿಸಿ ಕೊಡುವ ‘ಡ್ರೈವರ್’ ಎಂಬ ಪುಟ್ಟ ಡಬ್ಬಿಯ ಮೇಲೆ ಅನುಮಾನಪಡಬೇಕು.

* ದೀಪ ಮಿಣಮಿಣ ಅನ್ನುತ್ತದೆ: ಎಲ್ಲೋ ಸಂಪರ್ಕ ಸಡಿಲಾಗಿರಬಹುದು, ಇಲ್ಲವೇ ಡ್ರೈವರ್ ಕೆಡುತ್ತಾ ಬಂದಿರಬಹುದು.

* ಬೆಳಕು ದಿನೇ ದಿನೇ ಮಂಕಾಗಿದೆ: ಗಾಜಿನ ಮೇಲೆ ಎಣ್ಣೆ ಜಿಡ್ಡು ಕಟ್ಟಿದೆಯಾ ನೋಡಿ. ಪಾತ್ರೆ ತೊಳೆಯುವ ಸೋಪು ಬೆರೆಸಿದ ಉಗುರುಬೆಚ್ಚಗಿನ ನೀರಲ್ಲಿ ಅದ್ದಿ, ಚೆನ್ನಾಗಿ ಹಿಂಡಿದ ಬಟ್ಟೆಯಿಂದ ಒರೆಸಿದರೆ ಅರ್ಧ ಸಮಸ್ಯೆ ಅಲ್ಲೇ ಮುಗಿಯಬಹುದು. ಸ್ಟೀಲ್ ಉಜ್ಜುಗ ಬೇಡ, ಗಾಜು ಗೀರು ಬೀಳುತ್ತದೆ.

ಟಚ್ ಬಟನ್ ಇರುವ ಚಿಮಣಿಯಾದರೆ ಇನ್ನೊಂದು ಸುಲಭ ಉಪಾಯ. ಪ್ಲಗ್ ತೆಗೆದು, ಬಟನ್ ಮೇಲಿನ ಜಿಡ್ಡು, ನೀರಿನ ಹನಿ ಒರೆಸಿ, ಐದು ನಿಮಿಷ ಬಿಟ್ಟು ಮತ್ತೆ ಹಾಕಿ. ಬಟನ್ ಮುಷ್ಕರ ಹೂಡಿದ್ದರೆ ಇಷ್ಟಕ್ಕೇ ದಾರಿಗೆ ಬರಬಹುದು.

ಕೈ ಹಾಕುವ ಮುನ್ನ

ಗ್ಯಾಸ್ ಆರಿಸಿ. ರೆಗ್ಯುಲೇಟರ್ ಬಂದ್ ಮಾಡಿ. ಬಿಸಿ ಪಾತ್ರೆಗಳನ್ನು ಒಲೆಯಿಂದ ಇಳಿಸಿ. ಚಿಮಣಿಯ ಬಟನ್ ಒತ್ತಿ ಆರಿಸಿದರೆ ಸಾಲದು, ಪ್ಲಗ್ಗನ್ನೇ ಕೀಳಿ. ಪ್ಲಗ್ ಕೈಗೆ ಸಿಗದ ಜಾಗದಲ್ಲಿದ್ದರೆ ಎಂಸಿಬಿ ಆರಿಸಿ, ‘ಯಾರೂ ಹಾಕಬೇಡಿ’ ಅಂತ ಮನೆಯವರಿಗೆಲ್ಲ ಹೇಳಿ. ಆಗಷ್ಟೇ ಉರಿಯುತ್ತಿದ್ದ ಹ್ಯಾಲೊಜೆನ್ ಬಲ್ಬ್ ಮುಟ್ಟಿದರೆ ಬೆರಳು ಸುಟ್ಟೀತು, ಪೂರ್ತಿ ಆರಲು ಬಿಡಿ. ಕೈ ಒಣಗಿರಲಿ. ಅಡುಗೆಕಟ್ಟೆ ಹತ್ತಿ ನಿಲ್ಲಬೇಡಿ, ಅಲುಗಾಡದ ಸ್ಟೂಲ್ ಇಟ್ಟುಕೊಳ್ಳಿ.

ಬಲ್ಬ್ ಬದಲಿಸೋದು ಹೇಗೆ?

ಹಳೆಯ ಚಿಮಣಿಗಳಲ್ಲಿ ಬಲ್ಬ್ ಬೇರೆಯಾಗಿ ಸಿಗುತ್ತದೆ. ತಿರುಪಿನ ಬಲ್ಬನ್ನು ಎಡಕ್ಕೆ ತಿರುಗಿಸಿದರೆ ಬರುತ್ತದೆ. ಎರಡು ದಪ್ಪ ಕಾಲಿನದನ್ನು ಸ್ವಲ್ಪ ಒಳಕ್ಕೆ ಒತ್ತಿ ಎಡಕ್ಕೆ ತಿರುಗಿಸಿ. ಸೂಜಿಯಂಥ ಕಾಲಿನ ಪುಟ್ಟ ಹ್ಯಾಲೊಜೆನ್ ಆದರೆ ನೇರವಾಗಿ ಎಳೆಯಿರಿ. ಒಂದೇ ದೀಪ ಹೋಗಿದೆಯಾ? ಉರಿಯುತ್ತಿರುವ ಬಲ್ಬನ್ನು ಆರಿದ ಮೇಲೆ ತೆಗೆದು ಕೆಟ್ಟ ಜಾಗಕ್ಕೆ ಹಾಕಿ ನೋಡಿ. ಉರಿದರೆ ಹಳೇ ಬಲ್ಬ್ ಸತ್ತಿದೆ. ಉರಿಯದಿದ್ದರೆ ಹೋಲ್ಡರ್ ಅಥವಾ ವೈರಿನ ತೊಂದರೆ. ಪ್ರತಿ ಸಲ ಬಲ್ಬ್ ಮುಟ್ಟುವ ಮೊದಲು ಪ್ಲಗ್ ಕೀಳೋದು ಮರೆಯಬೇಡಿ.

ಅಂಗಡಿಗೆ ಹೋಗುವಾಗ ಹಳೇ ಬಲ್ಬ್ ಜೊತೆಗೆ ಇರಲಿ. ಕೆಲವು 230 ವೋಲ್ಟಿನವು, ಕೆಲವು 12 ವೋಲ್ಟಿನವು. ಅದಲು ಬದಲಾಗುವಂತಿಲ್ಲ. ಹೆಚ್ಚು ಬೆಳಕಿನ ಆಸೆಗೆ ಹೆಚ್ಚು ವ್ಯಾಟ್ ಹಾಕಿದರೆ ಹೋಲ್ಡರ್ ಕಾದು ಕರಗೀತು! ಹೊಸ ಹ್ಯಾಲೊಜೆನ್ ಬಲ್ಬನ್ನು ಬರಿಗೈಲಿ ಹಿಡಿಯಬೇಡಿ. ಬೆರಳಿನ ಜಿಡ್ಡು ಅಂಟಿದ ಜಾಗ ಅತಿಯಾಗಿ ಕಾದು ಬಲ್ಬ್ ಬೇಗ ಹೋಗುತ್ತದೆ. ಒಗೆದ ಹತ್ತಿ ಬಟ್ಟೆಯಲ್ಲಿ ಹಿಡಿದು ಹಾಕಿ.

ಈಗಿನ ಅನೇಕ ಚಿಮಣಿಗಳಲ್ಲಿ ಎಲ್‌ಇಡಿ ದೀಪ ವೈರ್ ಸಮೇತ ಒಂದೇ ತುಂಡಾಗಿರುತ್ತದೆ. ಬಲ್ಬ್ ಮಾತ್ರ ಬದಲಿಸಲಾಗದು. ಚಿಮಣಿಗೆ ಅಂಟಿಸಿದ ಚೀಟಿ ಅಥವಾ ವಾರಂಟಿ ಕಾರ್ಡ್ ನೋಡಿ ಮಾಡೆಲ್ ನಂಬರ್ ಬರೆದುಕೊಂಡು ಕಂಪನಿಯ ಸರ್ವಿಸ್ ಸೆಂಟರ್‌ಗೆ ಹೇಳಿ. ವಾರಂಟಿ ಇನ್ನೂ ಇದ್ದರೆ ನೀವೇ ತಿರುಪು ಬಿಚ್ಚಬೇಡಿ. ಆಮೇಲೆ ‘ನೀವು ಬಿಚ್ಚಿದ್ದೀರಿ’ ಅಂತ ತಕರಾರು ಬಂದೀತು.

ಇಲ್ಲಿ ನಿಲ್ಲಿಸಿ

ದೀಪ ಹಾಕಿದ ಕೂಡಲೇ ಎಂಸಿಬಿ ಬೀಳುತ್ತಿದೆಯೇ? ಚಿಮಣಿಯ ಮೈ ಮುಟ್ಟಿದರೆ ಜುಂ ಅನ್ನುತ್ತದೆಯೇ? ಸುಟ್ಟ ವಾಸನೆ, ಕಪ್ಪಗಾದ ಹೋಲ್ಡರ್, ಜಿಡ್ಡಲ್ಲಿ ನೆಂದ ವೈರ್ ಕಂಡಿತೇ? ಚಿಮಣಿ ಮುಟ್ಟದೆ ಎಂಸಿಬಿ ಆರಿಸಿ, ಎಲೆಕ್ಟ್ರಿಷಿಯನ್ ಬರುವತನಕ ಹಾಗೇ ಇರಲಿ. ಬಿದ್ದ ಎಂಸಿಬಿಯನ್ನು ಮತ್ತೆ ಮತ್ತೆ ಎತ್ತಬೇಡಿ, ಅದು ಬೀಳುವುದೇ ನಮ್ಮನ್ನು ಉಳಿಸೋದಕ್ಕೆ. ಹೊಸ ಬಲ್ಬ್ ಹಾಕಿದರೂ ಉರಿಯದಿದ್ದರೆ ಸ್ವಿಚ್, ಡ್ರೈವರ್ ಕೆಲಸವೂ ಎಲೆಕ್ಟ್ರಿಷಿಯನ್ನಿಗೇ ಇರಲಿ. ಆಗಲೂ ನೀವು ನೋಡಿದ್ದು ವ್ಯರ್ಥವಲ್ಲ. ‘ಫ್ಯಾನ್ ಓಡ್ತಿದೆ, ಎರಡೂ ದೀಪ ಇಲ್ಲ, ಬಲ್ಬ್ ಬದಲಿಸಿ ನೋಡಿದ್ದೇನೆ’ ಅಂತ ಹೇಳಿದರೆ ಬೇಡದ ಭಾಗವನ್ನು ನಿಮ್ಮ ತಲೆಗೆ ಕಟ್ಟೋದು ಅಷ್ಟು ಸುಲಭವಲ್ಲ.

ದೀಪ ಬಾಳಬೇಕೆಂದರೆ

ಕರಿಯೋದು, ಒಗ್ಗರಣೆ ಜಾಸ್ತಿ ಇರುವ ಮನೆಯಲ್ಲಿ ಫಿಲ್ಟರ್ ಬೇಗ ಜಿಡ್ಡುಗಟ್ಟುತ್ತದೆ. ತಿಂಗಳಿಗೊಮ್ಮೆಯಾದರೂ ತೆಗೆದು ನೋಡಿ, ತೊಳೆದು, ಪೂರ್ತಿ ಒಣಗಿಸಿಯೇ ಹಾಕಿ. ಆಟೋ ಕ್ಲೀನ್ ಚಿಮಣಿಯಾದರೆ ಎಣ್ಣೆ ಸೇರುವ ಬಟ್ಟಲು ತುಂಬುವ ಮೊದಲೇ ಖಾಲಿ ಮಾಡಿ. ಅಡುಗೆ ಮುಗಿದ ಮೇಲೂ ಐದು ಹತ್ತು ನಿಮಿಷ ಫ್ಯಾನ್ ಓಡಲಿ. ವಾರಕ್ಕೊಮ್ಮೆ, ಕರೆಂಟ್ ತೆಗೆದು, ದೀಪದ ಗಾಜನ್ನೂ ಒರೆಸಿ. ದಿನಾ ಒಲೆ ಒರೆಸುವ ಕೈಗೆ ಇದೇನು ದೊಡ್ಡ ಕೆಲಸ?