ಕೊನೆಯವನ ಲೆಕ್ಕ

ಓಟದ ಸ್ಪರ್ಧೆ ಎಂದ ಕೂಡಲೆ ನಮ್ಮ ಕಣ್ಣು ಹೋಗುವುದು ಮೊದಲು ಬಂದವನ ಕಡೆಗೆ. ಕಪ್ಪು ಅವನಿಗೆ, ಚಪ್ಪಾಳೆ ಅವನಿಗೆ. ಕೊನೆಯವನು ಬಂದನೋ ಬಿಟ್ಟನೋ ಕೇಳೋರೇ ಇಲ್ಲ. ಪುಣೆಯ ಹತ್ತಿರ ಖಡಕ್‌ವಾಸ್ಲಾದಲ್ಲಿ ಲೆಕ್ಕವೇ ಬೇರೆ.

ಅಲ್ಲಿ ಕೆರೆಯ ದಡದಲ್ಲಿರೋದು ರಾಷ್ಟ್ರೀಯ ರಕ್ಷಣಾ ಅಕಾಡೆಮಿ, ನಾವು ಎನ್.ಡಿ.ಎ. ಅನ್ನೋದು. 1949ರಲ್ಲಿ ಅಡಿಗಲ್ಲು ಬಿತ್ತು, 1955ರ ಜನವರಿಯಲ್ಲಿ ಉದ್ಘಾಟನೆಯಾಯಿತು. ಭೂಸೇನೆ, ನೌಕಾದಳ, ವಾಯುದಳ ಮೂರಕ್ಕೂ ಹೋಗುವವರು ಇಲ್ಲಿ ಮೂರು ವರ್ಷ ಒಟ್ಟಿಗೆ ಕಲಿಯುತ್ತಾರೆ. ಸೈನಿಕ ತರಬೇತಿಯ ಜೊತೆಗೆ ಪದವಿಯೂ ಉಂಟು. 2022ರಲ್ಲಿ ಹುಡುಗಿಯರೂ ಸೇರಿದರು. ಅವರ ಮೊದಲ ತಂಡದ 17 ಮಂದಿ 2025ರ ಮೇ ತಿಂಗಳಲ್ಲಿ ತೇರ್ಗಡೆಯಾಗಿ ಹೊರಬಂದರು.

ಇಲ್ಲಿ ಪ್ರತಿಯೊಬ್ಬ ಕೆಡೆಟ್ಟೂ ಒಂದು ಸ್ಕ್ವಾಡ್ರನ್ನಿಗೆ ಸೇರಿದವನು. ಬೆಂಗಳೂರಿನಲ್ಲಿ ಬೆಳೆದು, 2008ರ ಮುಂಬಯಿ ದಾಳಿಯಲ್ಲಿ ಮಡಿದ ಮೇಜರ್ ಸಂದೀಪ್ ಉನ್ನಿಕೃಷ್ಣನ್ ಆಸ್ಕರ್ ಸ್ಕ್ವಾಡ್ರನ್ನಿನವರು. ಸ್ಕ್ವಾಡ್ರನ್ನುಗಳ ನಡುವೆ ಅವಧಿಯುದ್ದಕ್ಕೂ ಪೈಪೋಟಿ. ಒಟ್ಟು ಸಾಧನೆಯಲ್ಲಿ ಮೇಲಾದದ್ದಕ್ಕೆ ನಿರ್ಗಮನ ಕವಾಯತಿನಲ್ಲಿ ‘ಚೀಫ್ಸ್ ಆಫ್ ಸ್ಟಾಫ್ ಬ್ಯಾನರ್’ ಸಿಗುತ್ತದೆ. ಈ ಪೈಪೋಟಿಯಲ್ಲಿ ಮೈ ಹಣ್ಣು ಮಾಡೋದು ಗುಡ್ಡಗಾಡು ಓಟ. ಓಡುವವರು ಆಯ್ದ ನಾಲ್ಕು ಜನ ವೀರರಲ್ಲ, ನೂರಾರು ಕೆಡೆಟ್ಟುಗಳು.

ಗುಡ್ಡಗಾಡು ಓಟದ ತಂಡ ಸ್ಪರ್ಧೆಗೆ ಎಲ್ಲೆಡೆ ರೂಢಿಯಲ್ಲಿರುವ ಲೆಕ್ಕ ಹೀಗೆ: ಓಟಗಾರರು ಎಷ್ಟನೆಯವರಾಗಿ ಬಂದರೋ ಆ ಸಂಖ್ಯೆಗಳನ್ನು ಕೂಡಬೇಕು. ಮೊತ್ತ ಕಡಮೆ ಇದ್ದವರಿಗೆ ಗೆಲುವು. ಒಂದು ತಂಡದ ಐವರು 1, 2, 3, 40, 44ನೆಯವರಾಗಿ ಬಂದರು ಅನ್ನಿ. ಮೊತ್ತ 90. ಇನ್ನೊಂದು ತಂಡದವರು 10, 12, 14, 16, 18. ಮೊತ್ತ 70. ಮೊದಲ ಮೂರು ಸ್ಥಾನ ಬಾಚಿಕೊಂಡ ತಂಡವೇ ಸೋತಿತು! ಅಂದಮೇಲೆ ಚುರುಕಾದವನು ತಾನೊಬ್ಬನೇ ಓಡಿಹೋದರೆ ಸಾಲದು. ಏದುಸಿರು ಬಿಡುವ ಗೆಳೆಯನನ್ನು ದಿನಾ ಬೆಳಿಗ್ಗೆ ಎಬ್ಬಿಸಿ, ಜೊತೆಗೆ ಓಡಿಸಿ, ಹುರಿಗೊಳಿಸಬೇಕು. ಯುದ್ಧದಲ್ಲೂ ಅಷ್ಟೆ ತಾನೆ? ತುಕಡಿ ಗುರಿ ಮುಟ್ಟಿತು ಅನ್ನಬೇಕಾದರೆ ಹಿಂದುಳಿದವನೂ ಮುಟ್ಟಿರಬೇಕು.

ಆದರೆ ಓಡುತ್ತಾ, ಹಾರುತ್ತಾ, ತರಬೇತಿಯಲ್ಲೇ ಬೆನ್ನು ಮುರಿದುಕೊಂಡವನ ಪಾಡೇನು? ಸೈನಿಕ ಅಕಾಡೆಮಿಗಳಲ್ಲಿ ಹೀಗೆ ಅಂಗವಿಕಲರಾಗಿ ಮನೆಗೆ ಮರಳಿದವರು ಹಲವರು. ಇನ್ನೂ ಅಧಿಕಾರಿಗಳಾಗಿರಲಿಲ್ಲವೆಂಬ ಕಾರಣಕ್ಕೆ ಅವರಿಗೆ ಮಾಜಿ ಸೈನಿಕರ ಸ್ಥಾನ ಸಿಗಲಿಲ್ಲ. 2025ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟು ತಾನಾಗಿಯೇ ಈ ವಿಷಯವನ್ನು ಕೈಗೆತ್ತಿಕೊಂಡಿತು. ಅದೇ ತಿಂಗಳು ಸರ್ಕಾರ ಮಾಜಿ ಸೈನಿಕರ ವೈದ್ಯಕೀಯ ಸೌಲಭ್ಯವನ್ನು ಇವರಿಗೂ ವಿಸ್ತರಿಸಿತು. ಔಷಧಿಯ ಖರ್ಚೇನೋ ನೀಗಬಹುದು. ಇಪ್ಪತ್ತರ ಹರೆಯದಲ್ಲಿ ಕೈತಪ್ಪಿದ ಬದುಕು?

ಕೊನೆಯವನನ್ನೂ ಎಣಿಸಬೇಕೆಂದು ಹುಡುಗರಿಗೆ ಕಲಿಸುವ ದೇಶ, ದಾರಿಯಲ್ಲಿ ಬಿದ್ದವನನ್ನು ಲೆಕ್ಕದಿಂದ ಬಿಡಬಾರದು. ನಮ್ಮ ಕಾಲೇಜಿನ ಎನ್.ಸಿ.ಸಿ. ಗೆಳೆಯರು ಆ ಕನಸು ಕಾಣಲಿ. ಜೊತೆಗೆ ಈ ಲೆಕ್ಕವನ್ನೂ ಕೇಳಲಿ.