ರಕ್ತದ ಒತ್ತಡ: ಮನೆಯಲ್ಲೇ ಅಳೆದು ತಿಳಿಯಿರಿ



ಭದ್ರಾ ನಾಲೆಯ ನೀರಿನಲ್ಲಿ ಭತ್ತ ಬೆಳೆಯುವ ನಮ್ಮ ಹರಿಹರದ ಕಡೆಯವರಿಗೆ ಕಂದು ಜಿಗಿಹುಳುವಿನ ಪರಿಚಯ ಚೆನ್ನಾಗಿದೆ. ಬದುವಿನ ಮೇಲೆ ನಿಂತು ನೋಡಿದರೆ ಪೈರು ಹಸಿರಾಗಿಯೇ ಕಾಣುತ್ತದೆ. ಹುಳುವೋ ಬುಡದಲ್ಲಿ ಕುಳಿತು ರಸ ಹೀರುತ್ತಿರುತ್ತದೆ. ಬಗ್ಗಿ, ಬುಡ ಬಿಡಿಸಿ ನೋಡದವನಿಗೆ ಪೈರು ಸುಟ್ಟಂತಾದ ಮೇಲೆಯೇ ತಿಳಿಯುವುದು.

ರಕ್ತದ ಒತ್ತಡ, ಅಂದರೆ ಬಿ.ಪಿ.ಯೂ ಹೀಗೆಯೇ. ಒತ್ತಡ ಹೆಚ್ಚಿದ್ದರೂ ಬಹಳ ಮಂದಿಗೆ ತಲೆನೋವಾಗಲಿ ತಲೆಸುತ್ತಾಗಲಿ ಇರುವುದಿಲ್ಲ. ಒಳಗೊಳಗೇ ರಕ್ತನಾಳಗಳು ಕೆಟ್ಟು, ಒಂದು ದಿನ ಲಕ್ವ ಹೊಡೆಯಬಹುದು, ಹೃದಯಾಘಾತವಾಗಬಹುದು. ದುಡಿಯುವ ಕೈ ಬಿದ್ದುಹೋದರೆ ಇಡೀ ಮನೆಯೇ ಕುಸಿಯುತ್ತದೆ. ಆದ್ದರಿಂದ ಅಳೆದು ನೋಡುವುದೊಂದೇ ದಾರಿ.

ಯಂತ್ರವು ಎರಡು ಅಂಕಿಗಳನ್ನು ತೋರಿಸುತ್ತದೆ. ಹೃದಯವು ರಕ್ತವನ್ನು ಒತ್ತಿ ನೂಕಿದಾಗಿನದು ಮೇಲಿನ ಅಂಕಿ. ಸಡಿಲಗೊಂಡಾಗಿನದು ಕೆಳಗಿನ ಅಂಕಿ. ಕೆಲವರಿಗೆ ಆಸ್ಪತ್ರೆಯಲ್ಲಿ ಡಾಕ್ಟರನ್ನು ಕಂಡೊಡನೆ ಒತ್ತಡ ಏರುತ್ತದೆ. ಮತ್ತೆ ಕೆಲವರಿಗೆ ಅಲ್ಲಿ ಸರಿಯಿದ್ದು ಮನೆಯಲ್ಲಿ ಏರಿರುತ್ತದೆ. ಮನೆಯಲ್ಲಿ ಬರೆದಿಟ್ಟ ಲೆಕ್ಕದಿಂದ ನಿಜಸ್ಥಿತಿ ಗೊತ್ತಾಗುತ್ತದೆ.

ಅಳೆಯುವ ಕ್ರಮ:

1. ಮಣಿಕಟ್ಟಿನ ಯಂತ್ರಕ್ಕಿಂತ ತೋಳಿಗೆ ಪಟ್ಟಿ ಕಟ್ಟುವ ಎಲೆಕ್ಟ್ರಾನಿಕ್ ಯಂತ್ರ ಮೇಲು. ಪಟ್ಟಿ ನಿಮ್ಮ ತೋಳಿನ ಅಳತೆಗೆ ತಕ್ಕಂತಿರಬೇಕು.

2. ಅಳೆಯುವ ಮೊದಲಿನ 30 ನಿಮಿಷ ಚಹಾ, ಬೀಡಿ, ತಂಬಾಕು ಬೇಡ. ಹೊಲದಿಂದ ಬಂದ ಕೂಡಲೇ ಅಳೆಯಬಾರದು. ಮೂತ್ರ ವಿಸರ್ಜನೆ ಮಾಡಿ ಬನ್ನಿರಿ.

3. ಬೆನ್ನಿಗೆ ಆಸರೆ ಕೊಟ್ಟು, ಪಾದಗಳನ್ನು ನೆಲಕ್ಕೂರಿ, 5 ನಿಮಿಷ ಸುಮ್ಮನೆ ಕುಳಿತಿರಿ. ಬರಿಯ ತೋಳಿಗೆ ಪಟ್ಟಿ ಕಟ್ಟಿ, ತೋಳನ್ನು ಎದೆಯ ಮಟ್ಟದಲ್ಲಿ ಮೇಜಿನ ಮೇಲಿಡಿ. ಮಾತಾಡಬೇಡಿ.

4. ಬೆಳಿಗ್ಗೆ ಮಾತ್ರೆ ಮತ್ತು ಊಟಕ್ಕೆ ಮೊದಲು, ಹಾಗೂ ಸಂಜೆ, ಒಂದು ನಿಮಿಷ ಬಿಟ್ಟು ಎರಡೆರಡು ಸಲ ಅಳೆಯಿರಿ. ಹೀಗೆ 7 ದಿನ ಬರೆದಿಡಿ. ಮೊದಲ ದಿನದ್ದನ್ನು ಬಿಟ್ಟು ಉಳಿದವುಗಳ ಸರಾಸರಿ ತೆಗೆಯಿರಿ.

ಮನೆಯ ಸರಾಸರಿಯಲ್ಲಿ ಮೇಲಿನ ಅಂಕಿ 135 ಅಥವಾ ಕೆಳಗಿನದು 85 ಮುಟ್ಟಿದರೆ, ಇಲ್ಲವೆ ದಾಟಿದರೆ, ಚೀಟಿ ಹಿಡಿದು ಡಾಕ್ಟರನ್ನು ಕಾಣಿರಿ. 180 ಅಥವಾ 120 ದಾಟಿದರೆ 5 ನಿಮಿಷ ಬಿಟ್ಟು ಮತ್ತೆ ಅಳೆಯಿರಿ. ಇಳಿಯದಿದ್ದರೆ ಅಂದೇ ಆಸ್ಪತ್ರೆಗೆ ಹೋಗತಕ್ಕದ್ದು. ಎದೆನೋವು, ಉಸಿರುಗಟ್ಟುವಿಕೆ, ಮಾತಿನ ತೊದಲು, ಕೈಕಾಲು ಸೋಲುವುದು ಕಂಡರೆ ಯಂತ್ರದ ಮುಂದೆ ಕೂರದೆ ಕೂಡಲೇ 108ಕ್ಕೆ ಕರೆ ಮಾಡಿರಿ.

ಅಂಕಿ ಇಳಿಯಿತೆಂದು ಮಾತ್ರೆ ಬಿಡುವವರಿದ್ದಾರೆ. ಇಳಿದದ್ದು ಮಾತ್ರೆಯ ಬಲದಿಂದ ಎಂಬುದನ್ನು ಮರೆಯಬಾರದು. ಡಾಕ್ಟರು ಹೇಳದೆ ಬಿಡಬೇಡಿ, ಹೆಚ್ಚು ಕಡಿಮೆ ಮಾಡಬೇಡಿ. ಉಪ್ಪಿನಕಾಯಿ, ಹಪ್ಪಳ, ಮಿರ್ಚಿಯಲ್ಲಿರುವುದೂ ಸೇರಿ ದಿನಕ್ಕೆ ಒಬ್ಬರಿಗೆ 5 ಗ್ರಾಂಗಿಂತ ಕಡಿಮೆ ಉಪ್ಪು ಸಾಕು.

ಯಂತ್ರ ಕೊಳ್ಳಲಾಗದಿದ್ದರೆ ಚಿಂತೆ ಬೇಡ. 30 ವರ್ಷ ದಾಟಿದವರಿಗೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಖರ್ಚಿಲ್ಲದೆ ಅಳೆಯುತ್ತಾರೆ. ನಾಟಿಯ ಗಡಿಬಿಡಿ ಶುರುವಾಗುವ ಮೊದಲೇ ಮನೆಯ ಹಿರಿಯರನ್ನೂ ಕರೆದುಕೊಂಡು ಹೋಗಿ ಅಳೆಯಿಸಿರಿ.

— ನಿಮ್ಮ ಗ್ರಾಮಸೇವಕ